ಹಕ್ಕಿ ಹಾರಿಹೋದ ಮೇಲಿನ ಜಗಳ

ಹಕ್ಕಿ ನೋಡುವುದರಷ್ಟು ನಿರುಪದ್ರವಿ ಹವ್ಯಾಸ ಇನ್ನೊಂದಿಲ್ಲ ಅಂತ ಹೊರಗಿನವರು ಅಂದುಕೊಂಡಿರುತ್ತಾರೆ. ಬೆಳಗ್ಗೆ ಬೇಗ ಏಳಬೇಕು, ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ಕೆರೆ ಏರಿಯ ಮೇಲೆ ನಡೆಯಬೇಕು, ಬಾಯಿ ಮುಚ್ಚಿಕೊಂಡಿರಬೇಕು. ಇದರಲ್ಲಿ ಜಗಳಕ್ಕೆ ಎಲ್ಲಿ ಜಾಗ? ಹಾಗೆ ಕೇಳುವವರು ಯಾವುದಾದರೂ ಹಕ್ಕಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಭಾನುವಾರ ಕಳೆದು ನೋಡಬೇಕು. ಹನ್ನೊಂದು ಗಂಟೆ ಹೊತ್ತಿಗೆ ಎಲ್ಲರೂ ಮನೆ ಸೇರಿ, ತಿಂಡಿ ಮುಗಿಸಿ, ಕ್ಯಾಮೆರಾದಿಂದ ಫೋಟೊ ಇಳಿಸಿ, ‘ಐಡಿ ಪ್ಲೀಸ್’, ಅಂದರೆ ಇದು ಯಾವ ಹಕ್ಕಿ ಹೇಳಿ, ಎಂದು ಹಾಕಲು ಶುರುಮಾಡುತ್ತಾರೆ. ಹನ್ನೆರಡಕ್ಕೆ ಯಾರೋ ಒಬ್ಬರು ಗುಂಪು ಬಿಟ್ಟಿರುತ್ತಾರೆ.

ಇಂಥ ಗುಂಪುಗಳಲ್ಲಿ ನಾನು ತುಂಬಾ ಕಾಲದಿಂದ ಇದ್ದೇನೆ. ಜಿಲ್ಲೆಯದ್ದೊಂದು, ಬೇಟೆಹಕ್ಕಿಗಳಿಗೇ ಮೀಸಲಾದದ್ದೊಂದು, ಬರೀ ಕೂಗುಗಳ ಧ್ವನಿಮುದ್ರಣ ಹಂಚಿಕೊಳ್ಳುವ ಚಿಕ್ಕದೊಂದು. ಜಗಳ ಎಲ್ಲ ಕಡೆಯೂ ಇದೆ. ಆದರೆ ಕೆಲವು ಗುಂಪುಗಳಲ್ಲಿ ಜಗಳದ ಕೊನೆಗೆ ಎಲ್ಲರಿಗೂ ಒಂದು ಹಕ್ಕಿಯ ಬಗ್ಗೆ ಹೆಚ್ಚು ಗೊತ್ತಾಗಿರುತ್ತದೆ, ಇನ್ನು ಕೆಲವುದರಲ್ಲಿ ಒಬ್ಬ ಸದಸ್ಯ ಕಡಿಮೆಯಾಗಿರುತ್ತಾನೆ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಅನ್ನುವುದು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಒಳ್ಳೆಯವರು ಕೆಟ್ಟವರು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಒಂದು ಗುಂಪಿನಲ್ಲಿ ಸಿಡುಕುವವರೇ ಇನ್ನೊಂದರಲ್ಲಿ ತಾಳ್ಮೆಯ ಮೂರ್ತಿಗಳಾಗಿರುವುದನ್ನು ನೋಡಿದ್ದೇನೆ.

ಒಂದು ಗಲಾಟೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಿವೃತ್ತ ಹೈಸ್ಕೂಲು ಮೇಷ್ಟ್ರೊಬ್ಬರು ದೇವರಾಯನದುರ್ಗದ ದಾರಿಯಲ್ಲಿ ತೆಗೆದ ಫೋಟೊ ಹಾಕಿದರು. ಒಣಗಿದ ಕೊಂಬೆಯ ಮೇಲೆ ದೊಡ್ಡ ಬೇಟೆಹಕ್ಕಿ, ಎದೆಯ ಮೇಲೆ ಕಂದು ಗೀರು, ತಲೆಯ ಹಿಂದೆ ಚಿಕ್ಕ ಜುಟ್ಟು. ಕೆಳಗೆ, ‘ಜುಟ್ಟಿನ ಗಿಡುಗ. ನನ್ನ ಲೈಫರ್!’ ಲೈಫರ್ ಅಂದರೆ ಜೀವನದಲ್ಲಿ ಮೊದಲ ಬಾರಿ ಕಂಡ ಪ್ರಭೇದ. ಅರ್ಧ ನಿಮಿಷದಲ್ಲಿ ಬೆಂಗಳೂರಿನ ಹುಡುಗನೊಬ್ಬನಿಂದ ಉತ್ತರ ಬಂತು: ‘ಓಎಚ್‌ಬಿ’. ಅಷ್ಟೇ. ಮೇಷ್ಟ್ರು ‘ಹಾಗಂದರೆ?’ ಎಂದರು. ‘ಗೂಗಲ್ ಮಾಡಿ ಸರ್’ ಎಂದ. ಇನ್ನಿಬ್ಬರು ಬಂದು ‘ಹೌದು, ಓಎಚ್‌ಬಿ’ ಎಂದರು. ನಾಲ್ಕನೆಯವರೊಬ್ಬರು ಮೇಲಿನ ಇನ್ಯಾವುದೋ ಜೋಕಿಗೆ ನಗುವ ಮುಖ ಹಾಕಿದ್ದು ಸರಿಯಾಗಿ ಇದರ ಕೆಳಗೇ ಬಂದು ಕೂತಿತು. ಮೇಷ್ಟ್ರು ಸುಮ್ಮನಿರಲಿಲ್ಲ. ‘ನಾನು ಕಣ್ಣಾರೆ ಕಂಡಿದ್ದೇನೆ. ನೀವು ಮನೆಯಲ್ಲಿ ಕೂತು ಹೇಳುತ್ತಿದ್ದೀರಿ’ ಎಂದು ಬರೆದರು. ಅಲ್ಲಿಂದ ಹಕ್ಕಿಯ ಮಾತು ನಿಂತು ವಯಸ್ಸು, ಅನುಭವ, ಗೌರವದ ಮಾತು ಶುರುವಾಯಿತು.

ಹುಡುಗ ಹೇಳಿದ್ದು ಸರಿಯಾಗಿತ್ತು. ಓಎಚ್‌ಬಿ ಅಂದರೆ ಓರಿಯೆಂಟಲ್ ಹನಿ ಬಜರ್ಡ್, ನಮ್ಮ ಜೇನುಗಿಡುಗ. ಬೇಟೆಹಕ್ಕಿ ನೋಡುವವರಿಗೆ ಇದರಷ್ಟು ತಲೆನೋವು ಕೊಡುವ ಹಕ್ಕಿ ಕಡಿಮೆ. ಒಂದೊಂದು ಹಕ್ಕಿಗೆ ಒಂದೊಂದು ಬಣ್ಣ. ಬಿಳಿಚಿಕೊಂಡದ್ದೂ ಇದೆ, ಇಟ್ಟಿಗೆ ಕೆಂಪಿನದ್ದೂ ಇದೆ, ಹೆಚ್ಚುಕಡಿಮೆ ಕಪ್ಪೇ ಅನ್ನುವಂಥದ್ದೂ ಇದೆ. ನಮ್ಮ ಕಡೆ ಇರುವವುಗಳಿಗೆ ಗಿಡ್ಡ ಜುಟ್ಟೂ ಇರುತ್ತದೆ. ಹೀಗಾಗಿ ಜುಟ್ಟು ನೋಡಿ ಜುಟ್ಟಿನ ಗಿಡುಗ ಅಂದುಕೊಳ್ಳುವುದು ದಡ್ಡತನವೇನೂ ಅಲ್ಲ. ಆದರೆ ‘ಓಎಚ್‌ಬಿ’ ಎಂಬ ಮೂರಕ್ಷರದಲ್ಲಿ ಇದೊಂದೂ ಇರಲಿಲ್ಲ. ಅದರಲ್ಲಿ ಮೇಷ್ಟ್ರಿಗೆ ಕೇಳಿಸಿದ್ದು, ನಿಮಗೆ ಗೊತ್ತಿಲ್ಲ, ನನಗೆ ಗೊತ್ತು, ಇಷ್ಟು ಮಾತ್ರ.

ಸಂಜೆ ತಿಪಟೂರಿನ ಕಡೆಯ ಪಶುವೈದ್ಯೆಯೊಬ್ಬರು ಆನ್‌ಲೈನ್ ಬಂದರು. ಮೇಲಿನ ಗಲಾಟೆಯ ಬಗ್ಗೆ ಚಕಾರವೆತ್ತಲಿಲ್ಲ. ‘ಮೇಷ್ಟ್ರೇ, ಕಾಲು ಚೆನ್ನಾಗಿ ಕಾಣೋ ಫೋಟೊ ಬೇರೆ ಏನಾದ್ರೂ ಇದೆಯಾ? ಇದ್ರೆ ಡಾಕ್ಯುಮೆಂಟ್ ಅಂತ ಕಳಿಸಿ, ಹಾಗೇ ಹಾಕಿದ್ರೆ ವಾಟ್ಸ್‌ಆ್ಯಪ್ ಹಿಂಡಿ ಹಾಕಿಬಿಡುತ್ತೆ. ಜುಟ್ಟಿನ ಗಿಡುಗಕ್ಕೆ ಬೆರಳಿನವರೆಗೂ ಗರಿ ಇರುತ್ತೆ, ಪೈಜಾಮ ಹಾಕಿದ ಹಾಗೆ. ಜೇನುಗಿಡುಗದ್ದು ಬರಿಗಾಲು.’ ಮೇಷ್ಟ್ರು ಹುಡುಕಿ ಒಂದು ಫೋಟೊ ಕಳಿಸಿದರು. ಹಿಗ್ಗಿಸಿ ನೋಡಿದರೆ ಹಳದಿ ಬರಿಗಾಲು. ಯಾರೂ ಏನೂ ಹೇಳುವ ಮೊದಲೇ ಅವರೇ ಬರೆದರು, ‘ಗರಿ ಇಲ್ಲ. ಹಾಗಾದರೆ ಜೇನುಗಿಡುಗವೇ. ಇದೂ ನನಗೆ ಲೈಫರ್ರೇ!’ ಆಮೇಲೆ ಆಕೆ, ಜೇನುಹುಳ ಕಚ್ಚದ ಹಾಗೆ ಇದರ ಮುಖದ ಮೇಲೆ ಹುರುಪೆಯಂಥ ಒತ್ತಾದ ಸಣ್ಣ ಗರಿ ಇರುವುದನ್ನೂ, ಜೇನುಹುಟ್ಟು ಕೆದಕಲು ಅನುಕೂಲವಾಗುವಂತೆ ಉಗುರು ಕಡಿಮೆ ಬಾಗಿರುವುದನ್ನೂ ವಿವರಿಸಿದರು. ಆ ಹುಡುಗನೂ ಸೇರಿಕೊಂಡು ತನ್ನ ಸಂಗ್ರಹದ ಹತ್ತಾರು ಬಣ್ಣದ ಜೇನುಗಿಡುಗಗಳನ್ನು ಹಾಕಿದ. ಅವತ್ತಿನ ರಾತ್ರಿ ಬೇಟೆಹಕ್ಕಿಯ ಕಾಲಿನ ಬಗ್ಗೆ ನಾವೆಲ್ಲ ಕಲಿತಷ್ಟು ಯಾವ ಕಾರ್ಯಾಗಾರದಲ್ಲೂ ಕಲಿತಿಲ್ಲ.

ಆಕೆ ಸಿಹಿಯಾಗಿ ಮಾತಾಡಿದರು, ಆದ್ದರಿಂದ ಕೆಲಸವಾಯಿತು ಎಂದು ಅರ್ಥ ಮಾಡಿಕೊಳ್ಳುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ‘ತಪ್ಪು ತಿಳಿಯಬೇಡಿ ಸರ್, ತಾವು ಹಿರಿಯರು, ಆದರೂ ಇದು ಓಎಚ್‌ಬಿ ಅನ್ನಿಸುತ್ತದೆ’ ಎಂದು ಹುಡುಗ ಬೆಣ್ಣೆ ಹಚ್ಚಿ ಬರೆದಿದ್ದರೂ ಮೇಷ್ಟ್ರು ಅಷ್ಟೇ ಕೆರಳುತ್ತಿದ್ದರು, ಬಹುಶಃ ಇನ್ನೂ ಹೆಚ್ಚು. ಅವರ ಕೈಗೆ ಒಂದು ಪರೀಕ್ಷೆ ಸಿಕ್ಕಿದ್ದರಿಂದ ಕೆಲಸವಾಯಿತು. ತಾವೇ ಮಾಡಿ, ತಾವೇ ಉತ್ತರ ಕಂಡುಕೊಳ್ಳಬಹುದಾದ ಪರೀಕ್ಷೆ. ಯಾರದೋ ಮಾತಿಗೆ ತಲೆಬಾಗುವುದಕ್ಕೂ ಹಕ್ಕಿಯ ಕಾಲು ನೋಡಿ ಅಭಿಪ್ರಾಯ ಬದಲಿಸುವುದಕ್ಕೂ ಅಜಗಜಾಂತರ. ಅದರಲ್ಲೂ ಹವ್ಯಾಸದಲ್ಲಿ. ಆಫೀಸಿನಲ್ಲಿ ಮೇಲಿನವರು ತಪ್ಪು ತೋರಿಸಿದರೆ ತಿಂಗಳ ಕೊನೆಗೆ ಸಂಬಳವಾದರೂ ಬರುತ್ತದೆ. ಇಲ್ಲಿ ಪೆಟ್ರೋಲು ಸ್ವಂತದ್ದು, ನಿದ್ದೆಗೆಟ್ಟದ್ದು ಸ್ವಂತಕ್ಕೆ, ಕೈಗೆ ಸಿಗುವುದು ‘ನಾನು ಕಂಡೆ’ ಅನ್ನುವ ಖುಷಿ ಮಾತ್ರ. ಅದಕ್ಕೇ ಕೈ ಹಾಕಿದರೆ ಸುಮ್ಮನಿರುವವರು ಯಾರು?

ಮೊದಲೂ ಈ ವಾದಗಳಿದ್ದವು. 1960ರ ಸುಮಾರಿನಿಂದ ಜಾಫರ್ ಫತೇಹಲ್ಲಿಯವರು ನಡೆಸುತ್ತಿದ್ದ ಹಕ್ಕಿ ವೀಕ್ಷಕರ ಪುಟ್ಟ ಪತ್ರಿಕೆಯಂಥ ಕಡೆ, ಒಬ್ಬರು ಕಂಡದ್ದನ್ನು ಬರೆದರೆ ಅದನ್ನು ಒಪ್ಪದವರು ಕಾಗದ ಬರೆಯಬೇಕಿತ್ತು. ಕಾಗದ ಬರೆಯಬೇಕಾದರೆ ಕಾರಣವನ್ನೂ ಬರೆಯಲೇಬೇಕು. ‘ಅಲ್ಲ’ ಅನ್ನುವ ಒಂದೇ ಪದಕ್ಕೆ ಅಂಚೆಚೀಟಿ ಹಚ್ಚುವವರುಂಟೆ?

ಈಗಿನ ತಂತ್ರಜ್ಞಾನದಲ್ಲೂ ಈ ವಿಷಯವನ್ನು ಚೆನ್ನಾಗಿ ಯೋಚಿಸಿದವರಿದ್ದಾರೆ. 2008ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಯೋಜನೆಯಾಗಿ ಶುರುವಾದ ಐನ್ಯಾಚುರಲಿಸ್ಟ್ ಎಂಬ ಜಾಲತಾಣದಲ್ಲಿ ಗಿಡ, ಹುಳ, ಹಕ್ಕಿ ಯಾವುದರ ಫೋಟೊ ಬೇಕಾದರೂ ಹಾಕಬಹುದು, ಯಾರು ಬೇಕಾದರೂ ಬಂದು ಗುರುತು ಹೇಳಬಹುದು. ಗುರುತಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಮಂದಿ ಒಪ್ಪಿದರೆ, ಸ್ಥಳ ದಿನಾಂಕ ಎಲ್ಲ ಸರಿಯಿದ್ದರೆ, ಅದು ‘ರಿಸರ್ಚ್ ಗ್ರೇಡ್’, ಅಂದರೆ ಸಂಶೋಧನೆಗೆ ಒದಗುವ ದಾಖಲೆ, ಆಗುತ್ತದೆ. ಅಲ್ಲಿ ಒಪ್ಪದಿರುವುದು ದಿನನಿತ್ಯದ ಕೆಲಸ, ಯಾರೂ ಮುಖ ಊದಿಸಿಕೊಳ್ಳುವುದಿಲ್ಲ ಅನ್ನಲಾರೆ, ಆದರೆ ಕಡಿಮೆ. ನನಗೆ ಬಹಳ ಇಷ್ಟವಾದ ಒಂದು ಸಣ್ಣ ಏರ್ಪಾಡು ಅದರಲ್ಲಿದೆ. ಚಳಿಗಾಲದಲ್ಲಿ ನಮ್ಮಲ್ಲಿಗೆ ಬರುವ ಎಲೆ ಉಲಿಯಕ್ಕಿಗಳು, ಅಂದರೆ ಗ್ರೀನಿಶ್ ವಾರ್ಬ್ಲರ್ ಮತ್ತದರ ದಾಯಾದಿಗಳು, ಎಲ್ಲವೂ ಹಸಿರು ಬೆನ್ನು, ಮಾಸಲು ಹೊಟ್ಟೆ, ಕಣ್ಣಿನ ಮೇಲೊಂದು ಹುಬ್ಬು. ಕೂಗು ಕೇಳದೆ ಬರೀ ಫೋಟೊದಲ್ಲಿ ಬೇರ್ಪಡಿಸುವುದು ಘಟಾನುಘಟಿಗಳಿಗೂ ಕಷ್ಟ. ನೀವು ಅದನ್ನು ‘ಗ್ರೀನಿಶ್’ ಎಂದು ಹಾಕಿದ್ದೀರಿ, ನಾನು ಬಂದು ‘ಎಲೆ ಉಲಿಯಕ್ಕಿಗಳ ಕುಲದ್ದು’ ಎಂದಷ್ಟೇ ಹಾಕಿದೆ ಅನ್ನಿ. ತಕ್ಷಣ ಅದು ನನ್ನನ್ನು ತಡೆದು ಕೇಳುತ್ತದೆ: ನಿಮ್ಮ ಅಭಿಪ್ರಾಯವೇನು? ಗ್ರೀನಿಶ್ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ, ಕುಲ ಮಾತ್ರ ಖಚಿತ ಎನ್ನುತ್ತಿದ್ದೀರೋ? ಅಥವಾ ಈ ಪುರಾವೆಯಿಂದ ಗ್ರೀನಿಶ್ ಎಂದು ಹೇಳಲಾಗದು ಎನ್ನುತ್ತಿದ್ದೀರೋ? ಮೊದಲನೆಯದನ್ನು ಆರಿಸಿದರೆ ಅದು ಭಿನ್ನಮತವಾಗಿ ಲೆಕ್ಕಕ್ಕೆ ಬರುವುದಿಲ್ಲ. ಎರಡನೆಯದು ಬರುತ್ತದೆ.

ನಮ್ಮ ಗುಂಪುಗಳಲ್ಲಿ ಮನಸ್ಸು ಮುರಿದ ಎಷ್ಟೋ ಪ್ರಸಂಗಗಳು ಈ ಎರಡನ್ನು ಬೆರೆಸಿದ್ದರಿಂದ ಆದವು. ‘ಇದು ಬೆಸ್ರಾ ಅಂತ ಹೇಗೆ ಹೇಳ್ತೀರಿ?’ ಎಂದು ಒಬ್ಬರು ನಿಜವಾಗಿಯೂ ತಿಳಿಯಲಿಕ್ಕೆ ಕೇಳಿರುತ್ತಾರೆ. ನೋಡಲು ಒಂದೇ ಥರ ಇರುವ ಚಿಕ್ಕ ಬೇಟೆಹಕ್ಕಿಗಳಾದ ಬಿಜ್ಜುವಿಗೂ ಬೆಸ್ರಾಕ್ಕೂ ಗಂಟಲ ನಡುವಿನ ಗೆರೆ ಎಷ್ಟು ದಪ್ಪ ಅನ್ನುವುದರಲ್ಲಿ ವ್ಯತ್ಯಾಸ ಇದೆ ಎಂದು ಓದಿರುತ್ತಾರೆ, ಈ ಫೋಟೊದಲ್ಲಿ ಗಂಟಲು ಕಾಣುತ್ತಿಲ್ಲ, ಹಾಗಾಗಿ ಪ್ರಶ್ನೆ. ಫೋಟೊ ಹಾಕಿದವರಿಗೆ ಅದು ‘ನೀನು ಸುಳ್ಳುಗಾರ’ ಎಂದು ಕೇಳಿಸುತ್ತದೆ. ಪರದೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಗೆ ದನಿ ಇಲ್ಲ. ಎದುರಿಗಿದ್ದಿದ್ದರೆ ಹುಬ್ಬೇರಿಸಿದ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಇ-ಬರ್ಡ್ ಬಳಸುವವರಿಗೆ ಇದರ ಇನ್ನೊಂದು ರೂಪ ಗೊತ್ತು. 2002ರಲ್ಲಿ ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಕೇಂದ್ರ ಮತ್ತು ಆಡುಬಾನ್ ಎಂಬ ಪಕ್ಷಿ ಸಂರಕ್ಷಣಾ ಸಂಸ್ಥೆ ಸೇರಿ ಆರಂಭಿಸಿದ ಇದರಲ್ಲಿ ಕಂಡ ಹಕ್ಕಿಗಳ ಪಟ್ಟಿ ಹಾಕುತ್ತೇವೆ. ಪ್ರತಿ ಪ್ರದೇಶಕ್ಕೆ, ಪ್ರತಿ ತಿಂಗಳಿಗೆ, ಯಾವ ಹಕ್ಕಿ ಎಷ್ಟು ಇರಬಹುದು ಎಂಬ ಒಂದು ಜರಡಿ ಅದರಲ್ಲಿದೆ. ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಗದಗದ ಮಾಗಡಿ ಕೆರೆಗೆ ಹಿಂಡುಗಟ್ಟಿ ಬರುವುದು ಸರಿ. ಅವು ಮರಿ ಮಾಡಲು ಹಿಮಾಲಯದಾಚೆಗೆ ಹೋಗಿರಬೇಕಾದ ಜೂನ್‌ನಲ್ಲಿ ನೀವು ಅದನ್ನು ನಮೂದಿಸಿದರೆ ಜರಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಆ ಪ್ರದೇಶದ ಪರಿಶೀಲಕರು ಇಮೇಲ್ ಬರೆದು ವಿವರ ಕೇಳುತ್ತಾರೆ. ಆ ಪರಿಶೀಲಕರೂ ಸಂಬಳವಿಲ್ಲದ ಸ್ವಯಂಸೇವಕರೇ, ರಾತ್ರಿ ಊಟ ಮುಗಿಸಿ ಕೂತು ನೂರಾರು ನಮೂದು ನೋಡುವವರು. ಆದರೂ ಅಂಥ ಇಮೇಲ್ ಬಂದ ದಿನ ಗುಂಪಿನಲ್ಲಿ ಗುಡುಗು ಸಿಡಿಲು. ‘ಅವರ್ಯಾರ್ರೀ ನನ್ನ ಕೇಳೋಕೆ?’ ಒಪ್ಪಿಗೆಯಾಗದ ನಮೂದು ನಿಮ್ಮ ಸ್ವಂತ ಪಟ್ಟಿಯಿಂದ ಅಳಿಸಿಹೋಗುವುದಿಲ್ಲ, ಸಾರ್ವಜನಿಕ ನಕ್ಷೆಯಲ್ಲಿ ಕಾಣಿಸುವುದಿಲ್ಲ ಅಷ್ಟೇ ಎಂದು ಎಷ್ಟು ಸಲ ಹೇಳಿದರೂ ಸಿಟ್ಟು ಇಳಿಯುವುದಿಲ್ಲ. ನನಗಂತೂ ಈ ಏರ್ಪಾಡು ಬಹಳ ಸಭ್ಯವಾದದ್ದು ಅನ್ನಿಸುತ್ತದೆ. ನೀವು ಕಂಡದ್ದು ನಿಮ್ಮದು, ಎಲ್ಲರ ದಾಖಲೆಗೆ ಸೇರಬೇಕಾದರೆ ಮಾತ್ರ ಕಾರಣ ಕೊಡಿ. ಇದಕ್ಕಿಂತ ನ್ಯಾಯ ಇನ್ನೇನು ಬೇಕು? ಹಾಗೆಂದು ಪರಿಶೀಲಕರೆಲ್ಲ ಸಂತರಲ್ಲ. ನಕಲು ಮಾಡಿ ಅಂಟಿಸಿದಂಥ ಎರಡು ಸಾಲು ಕಳಿಸುವವರೂ ಇದ್ದಾರೆ, ಅದನ್ನು ಓದಿದರೆ ಪೊಲೀಸ್ ನೋಟಿಸ್ ಬಂದ ಹಾಗಿರುತ್ತದೆ.

ಈಚೆಗೆ ಇನ್ನೊಬ್ಬ ಪಂಚಾಯಿತಿದಾರ ಬಂದಿದ್ದಾನೆ, ಮರ್ಲಿನ್ ಆ್ಯಪ್. ಮೊಬೈಲ್ ಹಿಡಿದು ನಿಂತರೆ ಕೂಗು ಕೇಳಿ ಹೆಸರು ತೋರಿಸುತ್ತದೆ. ಕಲಿಯುವವರಿಗೆ ವರದಾನ, ವಾದಕ್ಕೆ ಮಾತ್ರ ದೊಡ್ಡ ತೊಡಕು. ‘ಮರ್ಲಿನ್ ಹೇಳಿದೆ’ ಎಂದು ಸ್ಕ್ರೀನ್‌ಶಾಟ್ ಹಾಕಿದ ಮೇಲೆ ಮುಂದೆ ಮಾತೇ ಇಲ್ಲ ಅನ್ನುವ ಧಾಟಿ. ಮಲೆನಾಡಿನ ಕಾಡಿನಲ್ಲಿ ನಿಂತ ಭೀಮರಾಜನಿಗೆ ಬೇರೆ ಹಕ್ಕಿಗಳ ಕೂಗನ್ನೆಲ್ಲ ಅಣಕಿಸುವ ಚಟ. ಅವನು ಒಬ್ಬನೇ ಕೊಂಬೆಯ ಮೇಲೆ ಕೂತು ಬಿಜ್ಜುವಿನ ಹಾಗೆ, ಹದ್ದಿನ ಹಾಗೆ, ಹರಟೆಮಲ್ಲನ ಹಾಗೆ ಕೂಗುತ್ತಿದ್ದರೆ ಮೊಬೈಲಿನಲ್ಲಿ ಒಂದು ಸಂತೆಯೇ ಮೂಡಬಹುದು. ಯಂತ್ರವನ್ನು ಅನುಮಾನಿಸಿದರೆ ಯಾರಿಗೂ ಅವಮಾನವಾಗಬಾರದು ತಾನೆ? ಆಗುತ್ತದೆ! ಸ್ಕ್ರೀನ್‌ಶಾಟ್ ತೆಗೆದವರಿಗೆ.

ಭಾಷೆಯದ್ದೂ ಒಂದು ಪಾತ್ರ ಇದೆ. ರಾಜ್ಯಮಟ್ಟದ ಗುಂಪಿನಲ್ಲಿ ಬಾಗಲಕೋಟೆಯವರೂ ಇರುತ್ತಾರೆ, ಮೈಸೂರಿನವರೂ ಕುಂದಾಪುರದವರೂ ಇರುತ್ತಾರೆ. ‘ಏನ್ರೀ ಸರ, ಇಷ್ಟೂ ತಿಳಿಯಂಗಿಲ್ಲೇನ್ರಿ ನಿಮಗ?’ ಎಂದು ಬಾಗಲಕೋಟೆ ಕಡೆಯವರೊಬ್ಬರು ಸಲುಗೆಯಿಂದ ಬರೆದದ್ದನ್ನು ಮೈಸೂರಿನ ಬ್ಯಾಂಕ್ ನಿವೃತ್ತರೊಬ್ಬರು ಮುಖಕ್ಕೆ ಹೊಡೆದಂತೆ ತೆಗೆದುಕೊಂಡರು. ಅದೇ ಮಾತನ್ನು ವಾಯ್ಸ್ ಮೆಸೇಜಿನಲ್ಲಿ ಕೇಳಿದ್ದರೆ ನಗುತ್ತಿದ್ದರು, ಆ ಮನುಷ್ಯನ ದನಿಯೇ ಹಾಗಿದೆ. ಹಕ್ಕಿಗಳ ಹೆಸರಿನ ಕಥೆಯೂ ಇದೇ. ಒಬ್ಬರು ರತ್ನಪಕ್ಷಿ ಕಂಡೆ ಎಂದು ಸಂಭ್ರಮಪಟ್ಟರೆ ಇನ್ನೊಬ್ಬರು, ಅಲ್ಲ ಅದು ಕೆಂಬೂತ ಎಂದು ತಿದ್ದಲು ಹೋದರು. ಎರಡೂ ಒಂದೇ ಹಕ್ಕಿ ಅನ್ನುವುದು ತಿಳಿಯುವ ಹೊತ್ತಿಗೆ ಇಬ್ಬರೂ ಸಾಕಷ್ಟು ಬೆವರಿದ್ದರು.

ಇಲ್ಲಿಯವರೆಗಿನದ್ದೆಲ್ಲ ಬಗೆಹರಿಯುವ ಜಗಳ. ಹಕ್ಕಿಗೆ ಒಂದು ಕಾಲು, ಒಂದು ಗಂಟಲು, ಒಂದು ಕೂಗು ಇದೆ, ಕೊನೆಗೆ ಅದನ್ನು ನೋಡಿದರಾಯಿತು. ಬಗೆಹರಿಯದ ಜಗಳ ಬೇರೆಯೇ ಇದೆ, ಅದು ಗೂಡಿನದ್ದು. ನಮ್ಮಲ್ಲಿ ಅತ್ಯಂತ ಹಿರಿಯ ಛಾಯಾಗ್ರಾಹಕರೊಬ್ಬರು, ರಾಜಹಕ್ಕಿ ಮರಿಗಳಿಗೆ ಗುಟುಕು ಕೊಡುತ್ತಿರುವ ಫೋಟೊ ಹಾಕಿದರು. ಉದ್ದ ಬಾಲದ ಬಿಳಿ ಗಂಡು, ಗೂಡಿನ ಅಂಚಿನಲ್ಲಿ ಮೂರು ಬಾಯಿ. ಫೋಟೊ ಅದ್ಭುತವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಅಡ್ಮಿನ್ ಅದನ್ನು ತೆಗೆಯಲು ಹೇಳಿದರು. ಹಲವು ಗುಂಪುಗಳಲ್ಲಿ ಇರುವ ಹಾಗೆ ನಮ್ಮಲ್ಲೂ ಗೂಡಿನ ಫೋಟೊ ಹಾಕುವಂತಿಲ್ಲ. ಹಿರಿಯರು ಒಪ್ಪಲಿಲ್ಲ. ‘600 ಎಂಎಂ ಲೆನ್ಸಿನಲ್ಲಿ ದೂರದಿಂದ, ಮರೆಯಲ್ಲಿ ಕೂತು ತೆಗೆದಿದ್ದೇನೆ. ತಾಯಿ ತಂದೆ ಎರಡೂ ಹಕ್ಕಿ ಬಂದು ಹೋಗುತ್ತಲೇ ಇದ್ದವು. ಯಾವ ತೊಂದರೆಯಾಯಿತು ಹೇಳಿ?’

ಇಲ್ಲಿ ಅಡ್ಮಿನ್‌ಗಳು ಸಾಮಾನ್ಯವಾಗಿ ಮಾಡುವ ಕೆಲಸ, ‘ಇಲ್ಲಿಗೆ ಚರ್ಚೆ ನಿಲ್ಲಿಸಿ’ ಎಂದು ಸಂದೇಶ ಹಾಕಿ ಗುಂಪಿಗೆ ಬೀಗ ಹಾಕುವುದು. ಅಡ್ಮಿನ್‌ಗಳು ಮಾತ್ರ ಬರೆಯಬಹುದು ಅನ್ನುವ ಆ ಸೌಲಭ್ಯ ನನಗೆ ಕಂಡರಾಗುವುದಿಲ್ಲ. ಬೀಗ ತೆಗೆದಾಗ ಎಲ್ಲರೂ ಶುಭೋದಯದ ಹೂವು ಹಾಕಲು ಶುರುಮಾಡುತ್ತಾರೆ, ಒಳಗೆ ಹೊಗೆ ಹಾಗೇ ಇರುತ್ತದೆ. ಆಮೇಲೆ ಇದೇ ಜನ ಖಾಸಗಿಯಾಗಿ ಇನ್ನೊಂದು ಗುಂಪು ಕಟ್ಟಿಕೊಳ್ಳುತ್ತಾರೆ. ನಮ್ಮ ಕಡೆ ಪ್ರತಿ ಊರಿಗೆ ಎರಡೆರಡು ಹಕ್ಕಿ ಗುಂಪು ಇರುವುದು ಹಕ್ಕಿ ಹೆಚ್ಚಾಗಿರುವುದರಿಂದ ಅಲ್ಲ.

ನಮ್ಮ ಅಡ್ಮಿನ್ ಬೀಗ ಹಾಕಲಿಲ್ಲ. ಎರಡು ದಿನ ವಾದ ನಡೆಯಲು ಬಿಟ್ಟರು. ಒಬ್ಬ ವಕೀಲರು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ಮುಂದಿಟ್ಟರು: ಅದರಲ್ಲಿ ‘ಬೇಟೆ’ ಎಂಬುದರ ವ್ಯಾಖ್ಯೆಯೊಳಗೆ ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದಷ್ಟೇ ಅಲ್ಲದೆ, ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಕೋವಿ ಬೇಕಿಲ್ಲ. ಹಿರಿಯರು ಅದಕ್ಕೂ, ನಾನು ತೊಂದರೆ ಕೊಟ್ಟಿಲ್ಲವಲ್ಲ ಎಂದರು, ಅದು ನಿಜವೂ ಇರಬಹುದು. ವಾದಕ್ಕೆ ತಿರುವು ಕೊಟ್ಟದ್ದು ಕಾಲೇಜಿನ ಹುಡುಗಿಯೊಬ್ಬಳ ಸಂದೇಶ. ಫೋಟೊದ ಹಿನ್ನೆಲೆಯಲ್ಲಿ ಮಸುಕಾಗಿ ಒಂದು ಗೋಪುರ ಕಾಣುತ್ತಿದೆ ಸರ್, ಆ ಗುಡಿ ಯಾವುದು ಅಂತ ನನಗೇ ಗೊತ್ತಾಯ್ತು, ಹಾಗಾದರೆ ಉಳಿದವರಿಗೂ ಗೊತ್ತಾಗುತ್ತೆ, ನಿಮ್ಮಷ್ಟು ತಾಳ್ಮೆ ಇಲ್ಲದವರು ನಾಳೆ ಅಲ್ಲಿಗೆ ಹೋಗ್ತಾರೆ ಎಂದು ಬರೆದಿದ್ದಳು. ಅಪಾಯದಲ್ಲಿರುವ ಜೀವಿಗಳ ಸ್ಥಳವನ್ನು ಐನ್ಯಾಚುರಲಿಸ್ಟ್ ಬೇಕೆಂದೇ ಮಸುಕು ಮಾಡಿ, ಸುಮಾರು 22 ಕಿಲೋಮೀಟರ್ ಅಗಲದ ಚೌಕದೊಳಗೆ ಎಲ್ಲೋ ಒಂದು ಕಡೆ ತೋರಿಸುವುದು ಇದೇ ಕಾರಣಕ್ಕೆ. ವಾಟ್ಸ್‌ಆ್ಯಪ್‌ನಲ್ಲಿ ಗೋಪುರವನ್ನು ಮಸುಕು ಮಾಡುವವರು ಯಾರು?

ಹಿರಿಯರು ಫೋಟೊವನ್ನು ಗುಂಪಿನಿಂದ ತೆಗೆದುಹಾಕಿದರು. ನಿಯಮ ಸರಿ ಎಂದು ಮಾತ್ರ ಇವತ್ತಿಗೂ ಒಪ್ಪಿಲ್ಲ, ಗುಂಪಿನಲ್ಲೇ ಇದ್ದಾರೆ, ಅವಕಾಶ ಸಿಕ್ಕಾಗಲೆಲ್ಲ ಕೆಣಕುತ್ತಾರೆ. ಈಚೆಗೆ ಅವರು ಎತ್ತಿರುವ ಪ್ರಶ್ನೆ ನನಗೆ ನಿಜಕ್ಕೂ ತೂಕದ್ದು ಅನ್ನಿಸಿದೆ: ಗೂಡಿನ ಫೋಟೊ ಬೇಡ ಅನ್ನುವ ನೀವೇ, ಹೈಡ್‌ನಲ್ಲಿ ಅಂದರೆ ಫೋಟೊ ತೆಗೆಯಲೆಂದು ಕಟ್ಟಿದ ಮರೆಯ ಮುಂದೆ ಹುಳು ಚೆಲ್ಲಿ, ಸ್ಪೀಕರಿನಲ್ಲಿ ಕೂಗು ಹಾಕಿ ಕರೆಸಿಕೊಂಡ ಹಕ್ಕಿಯ ಫೋಟೊಗಳಿಗೆ ಚಪ್ಪಾಳೆ ಹೊಡೆಯುತ್ತೀರಲ್ಲ, ಆ ಹಕ್ಕಿಗೆ ತೊಂದರೆ ಇಲ್ಲವೆ? ತನ್ನ ಸರಹದ್ದಿಗೆ ಇನ್ನೊಂದು ಗಂಡು ಬಂದಿದೆ ಎಂದುಕೊಂಡು ಅದು ಎಷ್ಟು ಹೊತ್ತು ಹುಡುಕಾಡಬೇಕು? ಗುಂಪಿನಲ್ಲಿ ಅರ್ಧದಷ್ಟು ಮಂದಿ ಹೈಡ್‌ಗೆ ದುಡ್ಡು ಕೊಟ್ಟು ಹೋಗಿ ಬಂದವರು, ಹೈಡ್‌ಗಳಿಂದ ಹಳ್ಳಿಯ ಕೆಲವು ಮನೆಗಳ ಒಲೆ ಉರಿಯುತ್ತಿರುವುದೂ ಸುಳ್ಳಲ್ಲ. ಪಶುವೈದ್ಯೆ ಹಿರಿಯರ ಪರ, ಬೆಂಗಳೂರಿನ ಹುಡುಗ ವಿರುದ್ಧ, ಜೇನುಗಿಡುಗದ ಮೇಷ್ಟ್ರು ಎರಡೂ ಕಡೆಯಿಂದ ಪುರಾವೆ ಕೇಳುತ್ತಿದ್ದಾರೆ. ನಾನು ಹಿರಿಯರ ಪರವಾಗಿ ಬರೆದಿದ್ದೇನೆ, ಸ್ಪೀಕರ್ ಹಾಕಿ ತೆಗೆದ ಫೋಟೊಗೆ ಹಾಗೆಂದು ಕೆಳಗೆ ಬರೆಯುವುದನ್ನಾದರೂ ಕಡ್ಡಾಯ ಮಾಡೋಣ ಎಂದು. ಅದಕ್ಕೂ ಆಗಲೇ ಮೂವರು ತಕರಾರು ಎತ್ತಿದ್ದಾರೆ. ಅವರಲ್ಲಿ ಒಬ್ಬರ ಆಕ್ಷೇಪ, ಹಾಗೆ ಬರೆದರೆ ಹೊಸಬರು ಅದನ್ನೇ ನೋಡಿ ಸ್ಪೀಕರ್ ಕೊಳ್ಳುತ್ತಾರೆ ಅನ್ನುವುದು. ಅದಕ್ಕೆ ನನ್ನ ಹತ್ತಿರ ಸದ್ಯಕ್ಕೆ ಉತ್ತರ ಇಲ್ಲ.